ಮೈನರ್, ರೊಟೀನ್, ನಾಟ್ ಅರ್ಜೆಂಟ್

ಮಂಗಳವಾರ, ಮಧ್ಯಾಹ್ನ

ಇವರಿಗೆ,

'ಪ್ರೀತಿಯ' ಅಂತ ಬರೆದು ಹೊಡೆದುಹಾಕಿದೆ. 'ಪೂಜ್ಯ' ಅಂತ ಬರೆದರೆ ನೀವೇ ನಗುತ್ತೀರಿ. ಮದುವೆಯಾದ ಹೊಸದರಲ್ಲಿ ನಿಮ್ಮ ಹೆಸರು ಹೇಳಲು ನಾಚಿಕೊಂಡು 'ಇವರು, ಇವರು' ಅನ್ನುತ್ತಿದ್ದೆನಲ್ಲ, ಅದೇ ಇರಲಿ. ನಾವಿಬ್ಬರೂ ಬೇರೆ ಬೇರೆ ಊರಿನಲ್ಲಿ ಇರತೊಡಗಿ ಇಷ್ಟು ವರ್ಷವಾದರೂ ಆ ಒಂದು ಮಾತು ನನ್ನ ಬಾಯಿಂದ ಹೋಗಿಲ್ಲ.

ನೀವು ಕೊನೆಯವರೆಗೂ ಓದುವ ತಾಳ್ಮೆಯವರಲ್ಲ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಮಾವನವರನ್ನು ಜೀವಂತ ನೋಡಬೇಕಾದರೆ ಈ ಕಾಗದ ಸಿಕ್ಕ ದಿನವೇ ಹೊರಟು ಬನ್ನಿ. ವಿಷಯ ಇಷ್ಟೇ. ಉಳಿದದ್ದನ್ನು ರೈಲಿನಲ್ಲಿ ಕೂತು ಓದಿದರೂ ನಡೆಯುತ್ತದೆ.

ನೀವು ಹುಬ್ಬು ಗಂಟಿಕ್ಕುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಭಾನುವಾರ ಅಪ್ಪನೇ ಫೋನಿನಲ್ಲಿ ಮಾತಾಡಿದರಲ್ಲ, ಮೈನರ್ ಅಂದರಲ್ಲ, ಅಂತೀರಿ. ಅಂದರು, ನಿಜ. ಆ ಮಾತಿನ ಬಗ್ಗೆಯೇ ಬರೆಯಲು ಕೂತಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಾವಿಬ್ಬರು ಫೋನಿನಲ್ಲಿ ನಾಲ್ಕು ಮಾತಾಡುವಷ್ಟರಲ್ಲಿ ಐದನೆಯದು ಜಗಳವಾಗುತ್ತದೆ. ಸ್ಪ್ಯಾನರ್ ಮಾಮ ಮಗಳ ಮನೆಗೆಂದು ಸಂಜೆಯ ರೈಲಿಗೆ ನಿಮ್ಮೂರಿಗೆ ಹೊರಟಿದ್ದಾರೆ. ನಾಳೆ ಬೆಳಿಗ್ಗೆ ಈ ಕಾಗದ ಅವರ ಕೈಯಿಂದ ನಿಮ್ಮ ಕೈ ಸೇರುತ್ತದೆ. ಅವರು ಮಾವನವರ ಜೊತೆ ಅದೇ ಕಂಪನಿಯಲ್ಲಿ ಮೆಕ್ಯಾನಿಕ್ ಆಗಿದ್ದವರು, ನಿಮ್ಮನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದವರು. ಅವರೆದುರಿಗಾದರೂ ಕಾಗದವನ್ನು ಓದದೆ ಜೇಬಿಗೆ ಹಾಕಿಕೊಳ್ಳಲಾರಿರಿ.

ಮಾವನವರು ಲಿಫ್ಟ್ ಕಂಪನಿಯ ದೂರು ಮೇಜಿನಲ್ಲಿ ಕೂತೇ ತಲೆ ನರೆಸಿಕೊಂಡವರು. ಊರಿನ ಯಾವ ಕಟ್ಟಡದಲ್ಲಿ ಲಿಫ್ಟ್ ಕೈಕೊಟ್ಟರೂ ಫೋನ್ ಅವರ ಮೇಜಿಗೇ ಬರುತ್ತಿತ್ತು. ಯಾವುದಕ್ಕೆ ಮೆಕ್ಯಾನಿಕ್ ಓಡಬೇಕು, ಯಾವುದು ಕಾಯಬಹುದು ಅಂತ ಹೇಳುವವರು ಅವರು. ಗುಂಡಿಯ ದೀಪ ಹೋಗಿದ್ದರೆ ಮೈನರ್. ಎಣ್ಣೆ ಬಿಡುವುದಿದ್ದರೆ ರೊಟೀನ್. ಬಾಗಿಲು ಕಿರುಗುಟ್ಟಿದರೆ ನಾಟ್ ಅರ್ಜೆಂಟ್. ಒಳಗಿನ ಕನ್ನಡಿಯ ಮೇಲೆ ಯಾರೋ ಗೀಚಿದ್ದರೆ ಟ್ರಿವಿಯಲ್. ಇವುಗಳ ಜೊತೆಗೆ ಕ್ಯಾನ್ ವೇಟ್, ನೆಗ್ಲಿಜಿಬಲ್ ಅಂತ ಇನ್ನೊಂದಿಷ್ಟು. ಸಂಜೆ ಊಟದ ಡಬ್ಬಿಯ ಜೊತೆಗೆ ಈ ಪದಗಳೂ ಮನೆಗೆ ಬರುತ್ತಿದ್ದವು. ನಾನು ಈ ಮನೆಗೆ ಬಂದ ಮೊದಲ ವಾರ ಅಡುಗೆಗೆ ಉಪ್ಪು ಹಾಕುವುದನ್ನೇ ಮರೆತು, ಎಲ್ಲರೂ ಬಾಯಿಗಿಟ್ಟ ಮೇಲೆ ನೆನಪಾಗಿ ಅಳುವ ಹಾಗಾಗಿದ್ದೆ. ಮಾವನವರು ತಟ್ಟೆಯಿಂದ ತಲೆ ಎತ್ತದೆ, ಮೈನರ್ ಅಂದರು. ಅತ್ತೆಯವರು ಬಿಡುತ್ತಾರಾ? ಹಾಗಾದ್ರೆ ನಿಮಗೆ ಎರಡನೇ ಸಲ ಬಡಿಸೋದೂ ಕ್ಯಾನ್ ವೇಟ್ ಅಂತ ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ಅತ್ತೆಯವರಿದ್ದಷ್ಟು ದಿನ ಈ ಮನೆಯಲ್ಲಿ ನಗುವಿಗೆ ಬರವಿರಲಿಲ್ಲ.

ಇದೆಲ್ಲ ಇಂಗ್ಲಿಷಿನಲ್ಲೇ ಯಾಕೆ ಅಂತ ಒಮ್ಮೆ ಕೇಳಿದ್ದೆ. ಅವರು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಕನ್ನಡದಲ್ಲಿ ಹೇಳಿ ನೋಡಮ್ಮ. ನಿಮ್ಮ ದೂರು ಕ್ಷುಲ್ಲಕ ಅಂದ್ರೆ ಮನುಷ್ಯ ಫೋನಿನೊಳಗಿಂದಲೇ ಹೊಡೆಯಕ್ಕೆ ಬರ್ತಾನೆ. ಚಿಲ್ಲರೆ ವಿಷಯ ಅಂದ್ರೆ ಮೇಲಿನವರಿಗೆ ಬರೆದು ಹಾಕ್ತಾನೆ. ಅದನ್ನೇ ಮೈನರ್ ಅಂದು ನೋಡು, ಡಾಕ್ಟರು ಬಂದು ನಾಡಿ ಹಿಡಿದಷ್ಟು ಸಮಾಧಾನ" ಅಂದಿದ್ದರು. ನಾನು ನಕ್ಕುಬಿಟ್ಟೆ. ಆ ಮಾತನ್ನು ಆಗಲೇ ಇನ್ನೊಂದು ಸಲ ಯೋಚಿಸಬಹುದಿತ್ತು.

ನೀವು ಮಾತ್ರ ಈ ಪದಗಳಿಗೆ ನಗುತ್ತಿರಲಿಲ್ಲ. ಕಾರಣ ನೆಂಟರಿಷ್ಟರಿಗೆಲ್ಲ ಗೊತ್ತಿದ್ದದ್ದೇ. ಚಿಕ್ಕವರಿದ್ದಾಗ ನೀವು ಅಪ್ಪನಿಗೆ ಊಟದ ಡಬ್ಬಿ ಕೊಡಲು ಹೋದವರು, ವಾಪಸ್ಸು ಬರುವಾಗ ಪಕ್ಕದ ಕಟ್ಟಡದ ಲಿಫ್ಟಿನಲ್ಲಿ ಸುಮ್ಮನೆ ಮೇಲೆ ಕೆಳಗೆ ಓಡಾಡಲು ಹತ್ತಿದಿರಿ. ಕರೆಂಟು ಹೋಯಿತು. ಎರಡು ಮಹಡಿಗಳ ನಡುವೆ, ಕತ್ತಲಲ್ಲಿ, ಒಬ್ಬರೇ. ಗಂಟೆಯ ಗುಂಡಿ ಒತ್ತಿದರೆ, ಕಂಪನಿಯ ದೂರು ಮೇಜಿಗೆ ತಂತಿ ಎಳೆದಿದ್ದ ಬ್ಯಾಟರಿ ಸ್ಪೀಕರಿನ ತೂತಿನಿಂದ ಅಪ್ಪನದೇ ದನಿ ಬಂತು. ಮೈನರ್, ಮೈನರ್, ರೊಟೀನ್ ಪ್ರಾಬ್ಲಂ, ಅಂತ. ಮಗ ಅನ್ನಲಿಲ್ಲ, ಪುಟ್ಟಾ ಅನ್ನಲಿಲ್ಲ, ಯಾರೋ ಬಾಡಿಗೆದಾರನಿಗೆ ಹೇಳಿದ ಹಾಗೆ ಹೇಳಿದರು ಅಂತ ನೀವು ಹೇಳುತ್ತಿದ್ದಿರಿ. "ಚಡ್ಡಿ ಒದ್ದೆ ಮಾಡ್ಕೊಂಡು ನಾನು ಒಳಗೆ ಸಾಯ್ತಾ ಇದ್ದೆ, ನಮ್ಮಪ್ಪನ ಲೆಕ್ಕದಲ್ಲಿ ನಾನು ಕನ್ನಡಿ ಮೇಲಿನ ಗೀಚು" ಅಂತ ನೀವು ಹೇಳಿದಾಗಲೆಲ್ಲ ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು. ನೀವೂ ನಗುತ್ತಿದ್ದಿರಿ. ಆಮೇಲೆ ಎದ್ದು ಬಾಲ್ಕನಿಗೆ ಹೋಗಿ ತುಂಬ ಹೊತ್ತು ಬೀದಿ ನೋಡುತ್ತ ನಿಲ್ಲುತ್ತಿದ್ದಿರಿ. ಅದನ್ನು ನೋಡಿದವಳು ನಾನೊಬ್ಬಳೇ ಇರಬೇಕು.

ಆ ಲಿಫ್ಟಿನಿಂದ ನಿಮ್ಮ ಸಿಟ್ಟು ಕೆಳಗಿಳಿಯಲೇ ಇಲ್ಲ. ನೀವು ಕೆಲಸಕ್ಕಿದ್ದ ಗಾಜಿನ ಕಾರ್ಖಾನೆಯವರು ನಿಮ್ಮನ್ನು ದೂರದ ಊರಿಗೆ ವರ್ಗ ಮಾಡಿದಾಗ ಮಾವನವರು ಏನಾದರೂ ಅನ್ನಲಿ ಅಂತ ಅವರ ಮುಂದೆಯೇ ಕಾದು ಕೂತಿರಿ. ಅವರು ಕನ್ನಡಕ ಒರೆಸುತ್ತ, ಟ್ರಾನ್ಸ್‌ಫರ್ ಅಂದ್ಮೇಲೆ ರೊಟೀನ್ ಅಲ್ವಾ ಅಂದರು. ನೀವು ಮರುದಿನವೇ ಪೆಟ್ಟಿಗೆ ಕಟ್ಟಿದಿರಿ. ಆರು ತಿಂಗಳ ಮಾತು, ಆಮೇಲೆ ಮನೆ ಮಾಡಿ ಕರೆಸಿಕೊಳ್ಳುತ್ತೇನೆ ಅಂದಿರಿ. ಅವರನ್ನು ಒಂಟಿ ಬಿಟ್ಟು ನಾನು ಹೇಗೆ ಬರಲಿ ಅಂದೆ. ನೋಡೋಣ ಅಂದಿರಿ. ನಮ್ಮಿಬ್ಬರ ನಡುವೆ ಮನೆ ಮುರಿಯುವಂಥ ಜಗಳ ಯಾವತ್ತೂ ಆಗಲಿಲ್ಲ, ನಿಮಗೂ ಗೊತ್ತು. ಆಗಿದ್ದರೆ ಯಾರಾದರೂ ಹಿರಿಯರು ಬಂದು ಪಂಚಾಯಿತಿ ಮಾಡುತ್ತಿದ್ದರು. ಆಮೇಲೆ ಮಾತಾಡೋಣ, ಮುಂದಿನ ರಜೆಗೆ ನೋಡೋಣ, ಈಗೇನು ಅವಸರ, ಅಂತಲೇ ದಿನ ತಳ್ಳಿದೆವು. ನಮ್ಮ ಸಂಸಾರ ಒಂದು ದಿನವೂ ಅರ್ಜೆಂಟ್ ಆಗಲಿಲ್ಲ, ಅದಕ್ಕೇ ರಿಪೇರಿಯೂ ಆಗಲಿಲ್ಲ. ಅದನ್ನು ಕೆದಕಲು ಈ ಕಾಗದ ಬರೆಯುತ್ತಿಲ್ಲ. ನನಗಾಗಿ ಬನ್ನಿ ಅಂತಲೂ ಕರೆಯುತ್ತಿಲ್ಲ.

ಹೋದ ವರ್ಷ ಮಾವನವರಿಗೆ ಲಕ್ವ ಹೊಡೆದಾಗ ನೀವು ಬಂದು ಎರಡು ದಿನ ಇದ್ದು ಹೋದಿರಿ. ಬಲಗೈ ಬಲಗಾಲು ಹೋಗಿತ್ತು, ಕನ್ನಡವೂ ಹೋಗಿತ್ತು. ನೀರು, ಅನ್ನ, ನನ್ನ ಹೆಸರು, ನಿಮ್ಮ ಹೆಸರು, ಒಂದೂ ಬಾಯಿಗೆ ಬರುತ್ತಿರಲಿಲ್ಲ. ಉಳಿದದ್ದು ಆ ಮೇಜಿನ ಪದಗಳು ಮಾತ್ರ. ಮನುಷ್ಯ ಜೀವಮಾನವೆಲ್ಲ ಯಾವುದನ್ನು ಸಾವಿರ ಸಲ ಅಂದಿರುತ್ತಾನೋ ಅದು ನಾಲಿಗೆಗೆ ಅಭ್ಯಾಸವಾಗಿ ಹಾಗೇ ನಿಂತುಬಿಡುತ್ತದೆ ಅಂತ ಡಾಕ್ಟರು ವಿವರಿಸಿದರು. ಒಂದು ವಿಚಿತ್ರ ನೀವು ಗಮನಿಸಲಿಲ್ಲ. 'ಅರ್ಜೆಂಟ್' ಅನ್ನುವ ಪದ ಅವರಿಗೆ ಒಂಟಿಯಾಗಿ ಬರುವುದಿಲ್ಲ. ಬಂದರೆ 'ನಾಟ್' ಅನ್ನು ಕೈಹಿಡಿದುಕೊಂಡೇ ಬರುತ್ತದೆ. ನೀವು ಹೊರಡುವಾಗ ಬಾಗಿಲಲ್ಲಿ ನಿಂತು ಅವರಿಗೆ ಮತ್ತೆ ಬರ್ತೀನಪ್ಪಾ ಅಂದಿರಿ. ಅವರು, ಕ್ಯಾನ್ ವೇಟ್ ಅಂದರು. ನೀವು ನನ್ನ ಕಡೆ ತಿರುಗಿ, ನೋಡಿದ್ಯಾ, ಅರ್ಧ ಮೈ ಬಿದ್ದುಹೋದ್ರೂ ಮನುಷ್ಯ ಬದಲಾಗಲ್ಲ, ಅಂತ ಮೆಟ್ಟಿಲಿಳಿದು ಹೋದಿರಿ.

ಹೋದ ಗುರುವಾರ ಇನ್ನೊಂದು ಸಲ ಹೊಡೆಯಿತು. ನಾನು ಕನ್ನಡಕದ ಅಂಗಡಿಯಲ್ಲಿ ಯಾರದೋ ಫ್ರೇಮಿಗೆ ಸ್ಕ್ರೂ ಹಾಕುತ್ತಿದ್ದೆ. ಎದುರು ಮನೆಯವರು ಫೋನ್ ಮಾಡಿದರು, ಸ್ಕ್ರೂ ಎಲ್ಲಿ ಬಿತ್ತೋ ಗೊತ್ತಿಲ್ಲ, ಹಾಗೇ ಓಡಿದೆ. ಆಸ್ಪತ್ರೆಯಲ್ಲಿ ಮೊದಲು ನರ್ಸುಗಳ ಮೇಜಿನ ಪಕ್ಕದ ಹಾಸಿಗೆಯಲ್ಲೇ ಮಲಗಿಸಿದರು. ಬೀಪ್ ಬೀಪ್ ಅನ್ನುವ ಯಂತ್ರ, ಮೂಗಿಗೆ ನಳಿಗೆ, ಓಡಿ ಬರುವವರು, ಓಡಿ ಹೋಗುವವರು. ಶನಿವಾರ ಬೆಳಿಗ್ಗೆ ಅದನ್ನೆಲ್ಲ ತೆಗೆದು, ಮಂಚ ತಳ್ಳಿಕೊಂಡು ಕಾರಿಡಾರಿನ ಕೊನೆಯ ಕೋಣೆಗೆ ಹೊರಟರು. ಯಾಕೆ ಅಂತ ಕೇಳಿದೆ. "ಇನ್ನು ಇವರಿಗೆ ರೊಟೀನ್ ಕೇರ್ ಸಾಕಮ್ಮ" ಅಂದಳು ನರ್ಸು. ಅಬ್ಬ, ಗಂಡಾಂತರ ಕಳೆಯಿತು ಅಂದುಕೊಂಡೆ. ಮಂಚದ ಕಂಬಿ ಹಿಡಿದು ಪಕ್ಕದಲ್ಲೇ ನಡೆಯುತ್ತ ಮಾವನವರಿಗೆ, ಕೇಳಿದ್ರಾ, ನಿಮ್ಮದೇ ಪದ, ಅಂದೆ. ಆ ಕಾರಿಡಾರು ದಾಟುವಷ್ಟು ಹೊತ್ತು ನನಗೆ ನಿಜಕ್ಕೂ ಸಂತೋಷವಾಗಿತ್ತು. ಆಮೇಲೆ ಡಾಕ್ಟರು ಬಂದು ಪಕ್ಕಕ್ಕೆ ಕರೆದರು. ಮಾಡೋದು ಏನೂ ಉಳಿದಿಲ್ಲ, ನುಂಗೋದು ನಿಂತಿದೆ, ಮನೆಗೆ ಕರ್ಕೊಂಡು ಹೋಗಿ, ಮಗ ಇದ್ದಾರಲ್ಲ, ಬೇಗ ಕರೆಸಿ, ಅಂದರು. ಅರ್ಜೆಂಟ್ ಅನ್ನುವುದು ಉಳಿಯುವವರಿಗಂತೆ. ಉಳಿಯದವರು ರೊಟೀನ್.

ಮನೆಗೆ ಕರೆತಂದೆವು. ಜೀವಮಾನವೆಲ್ಲ ಲಿಫ್ಟಿನ ಅನ್ನ ತಿಂದವರನ್ನು ಲಿಫ್ಟಿಲ್ಲದ ಈ ಮನೆಯ ಮೆಟ್ಟಿಲುಗಳ ಮೇಲೆ ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ಸ್ಪ್ಯಾನರ್ ಮಾಮ ಹಿಂದಿನ ಕಾಲು ಹಿಡಿದಿದ್ದರು. ಪ್ರತಿ ತಿರುವಿನಲ್ಲೂ ಉಸ್ಸೆಂದು ನಿಂತು, ಇಷ್ಟು ವರ್ಷ ಊರಿಗೆಲ್ಲ ಲಿಫ್ಟ್ ರಿಪೇರಿ ಮಾಡಿ ಕೊನೆಗೆ ನಾನೇ ಲಿಫ್ಟ್ ಆದೆ ನೋಡು, ಅಂದರು. ಮಾವನವರ ಬಾಯಿ ಒಂದು ಕಡೆ ನಕ್ಕಿತು. ಅದೇ ಕೊನೆಯ ನಗು. ಈಗ ಚಮಚದಲ್ಲಿ ನೀರು ಬಿಟ್ಟರೆ ಅರ್ಧ ಹೊರಗೆ ಬರುತ್ತದೆ. ಕಣ್ಣು ಮಾತ್ರ ಸ್ವಚ್ಛವಾಗಿದೆ, ಎಲ್ಲವನ್ನೂ ನೋಡುತ್ತದೆ.

ಭಾನುವಾರ ನಿಮಗೆ ಫೋನ್ ಮಾಡಿದ್ದು ಇದನ್ನು ಹೇಳುವುದಕ್ಕೇ. ಡಾಕ್ಟರು ಏನಂದ್ರು ಅಂದ್ರೆ ಅಂತ ನಾನು ಶುರು ಮಾಡಿದ್ದೆ, ಅಷ್ಟರಲ್ಲಿ ನೀವು, ಅಪ್ಪ ಹೇಗಿದ್ದಾರೆ, ಕೊಡು ಅವರಿಗೆ, ಅಂದಿರಿ. ನಿಮ್ಮ ದನಿ ನಡುಗುತ್ತಿತ್ತು. ನಡುಗುತ್ತಿರಲಿಲ್ಲ ಅನ್ನಬೇಡಿ, ಆ ದನಿಯ ಏರಿಳಿತ ನನಗೆ ಗೊತ್ತು. ಸ್ಪೀಕರಿನಲ್ಲಿ ಹಾಕಿ ಅವರ ಕಿವಿಯ ಹತ್ತಿರ ಹಿಡಿದೆ. ಅಪ್ಪಾ, ಅಪ್ಪಾ, ಹೇಗಿದ್ದೀರಪ್ಪಾ ಅಂದಿರಿ. ಬೆಳಗಿನಿಂದ ಕತ್ತು ಎತ್ತದವರು ಎಡಗೈ ಊರಿ ಏಳಲು ನೋಡಿದರು. ಬೆನ್ನಿಗೆ ದಿಂಬು ಕೊಟ್ಟೆ. ಗಂಟಲು ಸರಿಮಾಡಿಕೊಂಡು, ಹಳೆಯ ಆಫೀಸಿನ ದನಿಯಲ್ಲಿ, ಸ್ಪಷ್ಟವಾಗಿ, ಮೈನರ್ ಅಂದರು. ಉಸಿರು ತೆಗೆದುಕೊಂಡು ರೊಟೀನ್ ಅಂದರು. ನಿಮಗೆ ಹೋದ ಜೀವ ಬಂದಂತಾಯಿತು. "ನೋಡು, ಅವರೇ ಹೇಳ್ತಿದ್ದಾರೆ, ನೀನು ಕಡ್ಡೀನ ಗುಡ್ಡ ಮಾಡ್ತೀಯ" ಅಂತ ನನ್ನ ಮೇಲೆ ರೇಗಿ ಫೋನ್ ಇಟ್ಟುಬಿಟ್ಟಿರಿ. ಆಮೇಲೆ ಎರಡು ಸಲ ಮಾಡಿದೆ. ಪಾಳಿಯಲ್ಲಿದ್ದೀನಿ, ಅಪ್ಪನೇ ಹೇಳಿದ್ರಲ್ಲ, ಅಂದಿರಿ. ಇತ್ತ ಮಾವನವರು ಆ ಎರಡು ಮಾತಿಗೇ ಸುಸ್ತಾಗಿ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದರು. ದಿಂಬಿನ ಬಟ್ಟೆ ಬದಲಾಯಿಸುವಾಗ ನೋಡಿದರೆ ಒದ್ದೆಯಾಗಿತ್ತು. ನನಗೆ ನಿಮ್ಮಿಬ್ಬರ ಮೇಲೂ ಸಿಟ್ಟು ಬಂತು. ಸಾಯುವಾಗಲೂ ಈ ಮನುಷ್ಯನಿಗೆ ಮಗನನ್ನು ಬಾ ಅನ್ನಲು ಬಿಂಕವೇ ಅಂದುಕೊಂಡು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.

ನಿನ್ನೆ ಸ್ಪ್ಯಾನರ್ ಮಾಮ ಬಂದಾಗ ಈ ಸಿಟ್ಟನ್ನೆಲ್ಲ ಅವರೆದುರು ಕಾರಿದೆ. ನಿಮ್ಮ ಲಿಫ್ಟಿನ ಕಥೆಯನ್ನೂ ಹೇಳಿ, ಮಗ ಸುಮ್ಮಸುಮ್ಮನೆ ಕಲ್ಲಾಗಲಿಲ್ಲ, ಅಂದೆ. ಆವತ್ತು ನಿಮ್ಮನ್ನು ಕೆಳಗಿಳಿಸಿದ್ದು ಸ್ಪ್ಯಾನರ್ ಮಾಮನೇ ಅಂತ ನಮಗೆ ಯಾರಿಗೂ ನೆನಪಿರಲಿಲ್ಲ, ಅಲ್ಲವೇ? ಮೇಲಿನ ಯಂತ್ರದ ಕೋಣೆಗೆ ಓಡಿ, ಬ್ರೇಕು ಸಡಿಲಿಸಿ, ಕೈಯಲ್ಲೇ ಚಕ್ರ ತಿರುಗಿಸಿ ಲಿಫ್ಟನ್ನು ಇಷ್ಟಿಷ್ಟೇ ಮಹಡಿಗೆ ತಂದವರು ಅವರು. ಓಡುವ ಮುಂಚೆ ಅವರು ಮಾವನವರ ಮೇಜಿನ ಮುಂದೆಯೇ ನಿಂತಿದ್ದರಂತೆ. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ಅಮ್ಮಾ, ನೀನು ಬಾಯಿ ಮಾತು ಕೇಳಿದೀಯ, ನಾನು ಮುಖ ನೋಡಿದೀನಿ. ಅಳೋ ದನಿ ಕೇಳಿದ ಕೂಡಲೆ ತನ್ನ ಮಗ ಅಂತ ಗೊತ್ತಾಗೋಯ್ತು ಆ ಮನುಷ್ಯನಿಗೆ. ಮುಖ ಸುಣ್ಣ ಆಗೋಯ್ತು. ನನ್ನ ತೋಳು ಹಿಡ್ಕೊಂಡು, ಓಡೋ, ಓಡೋ ಅಂತ ಕಣ್ಣಲ್ಲೇ ಹೇಳ್ತಾನೆ, ಬಾಯಲ್ಲಿ ಮಾತ್ರ ಮೈನರ್, ಮೈನರ್. ಮಗಾ ಅಂದಿದ್ರೆ ತಾನೇ ಅತ್ತುಬಿಡ್ತಿದ್ದ. ಅಪ್ಪ ಅತ್ತಿದ್ದು ಕೇಳಿದ್ರೆ ಒಳಗಿರೋ ಮಗುವಿನ ಗತಿ ಏನು? ಸಿಕ್ಕಿಹಾಕ್ಕೊಂಡೋರ ಹತ್ರ ಅವನು ಯಾವಾಗ್ಲೂ ಹಂಗೇ ಮಾತಾಡೋದು. ಕೆಟ್ಟಿರೋದು ದೊಡ್ಡದಾದಷ್ಟೂ ದನಿ ಸಣ್ಣ ಮಾಡ್ತಿದ್ದ."

ಆಮೇಲೆ ಇನ್ನೊಂದು ಹೇಳಿದರು. ನಿಮ್ಮನ್ನು ಇಳಿಸಿ ಮನೆಗೆ ಕಳಿಸಿದ ಮೇಲೆ ಮಾವನವರು ಫೋನನ್ನು ಬೇರೆಯವರಿಗೆ ಒಪ್ಪಿಸಿ ಹಿಂದಿನ ಮೆಟ್ಟಿಲ ಮೇಲೆ ಕೂತು ವಾಂತಿ ಮಾಡಿಕೊಂಡರಂತೆ. ಯಾರಿಗೂ ಹೇಳಬೇಡ ಅಂತ ಸ್ಪ್ಯಾನರ್ ಮಾಮನ ಹತ್ತಿರ ಮಾತು ತೆಗೆದುಕೊಂಡರಂತೆ. ಮಾಮ ಇಷ್ಟು ವರ್ಷ ಆ ಮಾತು ಉಳಿಸಿಕೊಂಡು ಕೂತಿದ್ದಾರೆ. ಗಂಡಸರ ಈ ಮಾತು ಉಳಿಸಿಕೊಳ್ಳುವ ಚಟಕ್ಕೆ ಏನು ಹೇಳಲಿ? ಒಬ್ಬರಾದರೂ ಬಾಯಿ ಬಿಟ್ಟಿದ್ದರೆ ನೀವು ಬಾಲ್ಕನಿಯಲ್ಲಿ ಅಷ್ಟು ಸಂಜೆಗಳನ್ನು ಕಳೆಯಬೇಕಾಗಿರಲಿಲ್ಲ.

ಸ್ಪ್ಯಾನರ್ ಮಾಮ ಮನೆಗೆ ಹೋದ ಮೇಲೆ ಹಾಸಿಗೆಯ ಪಕ್ಕ ಕೂತು ಈ ವರ್ಷವನ್ನೆಲ್ಲ ನೆನಪು ಮಾಡಿಕೊಂಡೆ. ಬಾಯಾರಿದಾಗ ಮಾವನವರು ಲೋಟ ಬಡಿಯುತ್ತಾರೆ. ನೋವಾದಾಗ ತುಟಿ ಕಚ್ಚುತ್ತಾರೆ. ಆಗ ಒಂದು ಪದವೂ ಇಲ್ಲ. ಬಿಸಿ ಪಾತ್ರೆ ಕೈಜಾರಿ ನಾನು ಕಿರುಚಿದಾಗ ಒಳಗಿನಿಂದ ಮೈನರ್ ಅಂತ ಕೂಗಿದರು. ಅಂಗಡಿಯ ಯಜಮಾನ ರಜೆಗೆ ಮುಖ ಗಂಟಿಕ್ಕಿದ ದಿನ ನಾನು ಬಂದು ಸುಮ್ಮನೆ ಕೂತಾಗ ನಾಟ್ ಅರ್ಜೆಂಟ್ ಅಂತ ತಲೆ ಮುಟ್ಟಿದರು. ತಮ್ಮ ಬಗ್ಗೆ ಆ ಪದಗಳನ್ನು ಅವರು ಒಂದು ಸಲವೂ ಬಳಸಿಲ್ಲ. ಹೆದರಿದವರಿಗೆ ಮಾತ್ರ ಕೊಡುತ್ತಾರೆ. ಭಾನುವಾರ ನೀವು ಅವರ ಆರೋಗ್ಯ ಕೇಳಿದಿರಿ. ಅವರು ನಿಮ್ಮ ದನಿಯ ನಡುಕ ಕೇಳಿದರು. ಉತ್ತರ ಕೊಟ್ಟದ್ದು ಆ ನಡುಕಕ್ಕೆ.

ಇಷ್ಟೇ ನನಗೆ ಹೇಳಬೇಕಾಗಿದ್ದದ್ದು. ನಿಮ್ಮಪ್ಪನಿಗೆ ನೀವು ಯಾವತ್ತೂ ಕನ್ನಡಿ ಮೇಲಿನ ಗೀಚಾಗಿರಲಿಲ್ಲ. ಬಂದು ಅವರ ಮುಖ ನೋಡಿ. ಮಾತಾಡಲು ಹೋಗಬೇಡಿ, ಸುಮ್ಮನೆ ಅವರಿಗೆ ಕಾಣುವಂತೆ ಕೂತುಕೊಳ್ಳಿ. ರೈಲು ಒಂದು ರಾತ್ರಿಯದು, ನೀವು ಅದನ್ನು ಒಂದು ವರ್ಷದಿಂದ ದೂರ ಮಾಡಿಕೊಂಡಿದ್ದೀರಿ. ಬೈಯುವುದಿಲ್ಲ, ಆಣೆ. ನಾನೂ ತುಂಬ ದಣಿದಿದ್ದೇನೆ. ಮಾವನವರೂ ಹೋದ ಮೇಲೆ ಈ ಮನೆಯಲ್ಲಿ ನಾನು ಯಾರ ಸೊಸೆ, ಯಾರ ಹೆಂಡತಿ ಅಂತ ಯೋಚಿಸಿದರೆ ಎದೆ ಧಸಕ್ಕೆನ್ನುತ್ತದೆ. ನನಗಾಗಿ ಕರೆಯುತ್ತಿಲ್ಲ ಅಂತ ಮೇಲೆ ಬರೆದಿದ್ದೇನೆ. ಅದನ್ನು ಹೊಡೆದುಹಾಕಬೇಕು ಅನ್ನಿಸುತ್ತಿದೆ, ಆದರೆ ಕಾಗದ ಗಲೀಜಾಗುತ್ತದೆ. ನೀವೇ ಹೊಡೆದುಹಾಕಿಕೊಂಡು ಓದಿ.

ದಾರಿ ನೋಡುತ್ತಿರುವ,
ಇವಳು

ಮರೆತದ್ದು: ಸ್ಪ್ಯಾನರ್ ಮಾಮ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದಾರೆ, ರೈಲಿಗೆ ಹೊತ್ತಾಯಿತು ಅನ್ನುತ್ತಿದ್ದಾರೆ. ಕಾಗದ ಮಡಿಸುತ್ತ ಮಾವನವರಿಗೆ, ನಿಮ್ಮ ಮಗನಿಗೆ ಬರೆದಿದ್ದೀನಿ, ಬನ್ನಿ ಅಂತ ಕರೆದಿದ್ದೀನಿ, ಅಂದೆ. ನಾಟ್ ಅರ್ಜೆಂಟ್ ಅಂದರು. ಅಂದವರು ನನ್ನ ಬಲಗೈ ಮಣಿಕಟ್ಟು ಹಿಡಿದುಕೊಂಡರು, ಇನ್ನೂ ಬಿಟ್ಟಿಲ್ಲ. ಬಿಡಿಸಿಕೊಳ್ಳಲು ಮನಸ್ಸು ಬರುತ್ತಿಲ್ಲ. ಆದ್ದರಿಂದ ಈ ಸಾಲುಗಳನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರಗಳು ಸೊಟ್ಟಗಾಗಿವೆ, ಹೇಗೋ ಓದಿಕೊಳ್ಳಿ. ಇನ್ನೊಂದು ಮಾತು. ಹೊರಡುವ ಮುಂಚೆ ಫೋನ್ ಮಾಡಬೇಡಿ. ಮಾಡಿದರೆ ಅವರು ಹೇಗಾದರೂ ಎದ್ದು ಕೂತು ನಿಮಗೆ ಸಮಾಧಾನ ಹೇಳುತ್ತಾರೆ, ನೀವು ಅಲ್ಲೇ ಉಳಿದುಬಿಡುತ್ತೀರಿ.